ಅಜ್ಜನ 500 ಎಕ್ಸ್‌ಪ್ರೆಸ್ ರೈಫಲ್ಲಿಗೆ ಹಿತ್ತಾಳಿ ಸ್ನ್ಯಾಪ್ ಕ್ಯಾಪ್ ಮಾಡಿದ್ದು

ಎಡಗಡಿ ಸ್ಟ್ರೈಕರ್ ಮುರಿದದ್ದು ಒಂದ ಒಂದು ಸಪ್ಪಳಕ್ಕ. ಸ್ಟ್ರೈಕರ್ ಅಂದ್ರ ಘೋಡಾ ಅನ್ನೋ ಹೊರಗಿನ ಸುತ್ತಿಗಿ ಬಡದಾಗ ಮುಂದ ಬಂದು ಕಾಡತೂಸಿನ ಬುಡಕ್ಕ ಕುಟ್ಟೋ ಉಕ್ಕಿನ ಮೊಳಿ. ಹೋದ ಬ್ಯಾಸಗ್ಯಾಗ ಮನಿಗೆ ಬಂದ ಬೀಗರೊಬ್ರು ಅಜ್ಜನ ಬಂದೂಕ ನೋಡಬೇಕು ಅಂತ ಭಾಳ ಆಸೆಪಟ್ರು, ಅಪ್ಪ ಕಪಾಟಿಂದ ತಗದು, ನಳಿ ಬಗ್ಗಿಸಿ ಎರಡೂ ಖಾಲಿ ಅದಾವು ನೋಡ್ರಿ ಅಂತ ತೋರಿಸಿ ಕೈಯಾಗ ಕೊಟ್ಟ, ಅವರು ಹೆಗಲಿಗೆ ಹಚ್ಚಿ ಗ್ವಾಡಿ ಕಡೆ ಹಿಡದು ಘೋಡಾ ಎಳದು ಟಪ್ ಅಂತ ಬಿಟ್ರು. ಖಾಲಿ ನಳಿ ಮ್ಯಾಲ. ಅವರಿಗೆ ಗೊತ್ತಿರಲಿಲ್ಲ, ಹೇಳಬೇಕಾದವ ನಾನು ಅಲ್ಲೇ ನಿಂತಿದ್ದೆ, ಬಾಯಿ ತಗಿಯೋದ್ರೊಳಗ ಮುಗದಿತ್ತು. ಆಮ್ಯಾಲ ಬಾಗಿ ನೋಡಿದ್ರ ಎಡಗಡಿ ತೂತಿನಾಗ ಸ್ಟ್ರೈಕರ್ ತುದಿನ ಇಲ್ಲ, ನೆಲದ ಮ್ಯಾಲ ಜೋಳದ ನುಚ್ಚಿನಷ್ಟು ಉಕ್ಕಿನ ತುಣುಕು ಬಿದ್ದಿತ್ತು.

ಇದು ನಮ್ಮ ಅಜ್ಜನ ಡಬಲ್ ನಳಿ ರೈಫಲ್, ಹಾನಗಲ್ ತಾಲೂಕಿನ ನಮ್ಮ ಊರಾಗ ಐತಿ, ನಾ ಇರೋದು ಹುಬ್ಬಳ್ಳ್ಯಾಗ. ಹೊರಗ ಎರಡು ಘೋಡಾ, ಕೆಳಗ ಟ್ರಿಗರ್ ಗಾರ್ಡ್ ಮ್ಯಾಲ ಕುಂದರೋ ಲಿವರ್, ಅದನ್ನ ಬಾಜೂಕ ತಿರಿವಿದ್ರ ನಳಿ ಬಿಚ್ಚಿಕೊಳ್ತಾವು. ಈ ಲಿವರ್ ಪದ್ಧತಿ 1859ರಾಗ ಹೆನ್ರಿ ಜೋನ್ಸ್ ಅನ್ನಾವ ಪೇಟೆಂಟ್ ಮಾಡಿಸಿದ್ದು, ಸ್ಕ್ರೂ ಇದ್ದಂಗ ಬಿಗಿ ಹಿಡಿತೈತಿ, ನೂರು ವರ್ಷದ ಮ್ಯಾಲೂ ನಮ್ಮದರಾಗ ಕೂದಲಿನಷ್ಟು ಸೈತ ಅಲುಗಾಟ ಬಂದಿಲ್ಲ. ಹಳೇ ಲೈಸನ್ಸ್ ಪುಸ್ತಕದ ಮೊದಲ ಹಾಳ್ಯಾಗ ಮುಂಬೈ ಸರ್ಕಾರದ ಸಿಕ್ಕಾ ಐತಿ, ನಂತರದ ಹಾಳ್ಯಾಗ ಧಾರವಾಡ ಜಿಲ್ಲಾ ಅಂತ ಐತಿ, 1997ರಾಗ ಹಾವೇರಿ ಬ್ಯಾರೆ ಜಿಲ್ಲಾ ಆದ ಮ್ಯಾಲಿನ ಹಾಳ್ಯಾಗ ಹಾವೇರಿ ಅಂತ ಐತಿ. ಅಜ್ಜ ತೀರಿಕೊಂಡ ಮ್ಯಾಲ ವಾರಸಾದಾರ ಅಂತ ಅಪ್ಪನ ಹೆಸರಿಗೆ ಆತು. ಎಲೆಕ್ಷನ್ ಬಂದಾಗೊಮ್ಮೆ ಸ್ಟೇಷನ್ನಿನಾಗ ಇಟ್ಟು ರಶೀದಿ ತಗೊಂಡು ಬರ್ತೀವಿ, ಮುಗದ ಮ್ಯಾಲ ಹೊಳ್ಳಿ ತರ್ತೀವಿ, ಮಹಾನವಮಿ ಖಂಡೇ ಪೂಜಿಗೆ ಜಗಲಿ ಮುಂದ ಇಟ್ಟು ವಿಭೂತಿ ಹಚ್ತೀವಿ. ಅದಕ್ಕಿಂತ ಹೆಚ್ಚು ಕೆಲಸ ಅದಕ್ಕ ಈಗಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಬ್ಯಾಟಿ ನಿಂತು ಹೋತು, ನಿಲ್ಲಬೇಕಾಗಿತ್ತು ಕೂಡ.

ಮುರಿದ ಸ್ಟ್ರೈಕರ್ ನಾ ಮಾಡಲಿಲ್ಲ. ಬಂದೂಕಿನ ರಿಪೇರಿಗೆ ಆರ್ಮ್ಸ್ ಆಕ್ಟಿನ ಪ್ರಕಾರ ಬ್ಯಾರೇನ ಲೈಸನ್ಸ್ ಬೇಕು, ಅದಿದ್ದ ಅಂಗಡಿಗೆ ಅಪ್ಪ ಕಾಗದಪತ್ರ ಸಮೇತ ಒಯ್ದು ಕೊಟ್ಟು ಹೊಸಾದು ಹಾಕಿಸಿಕೊಂಡು ಬಂದ. ಅಲ್ಲೆ ಕುಂತಿದ್ದ ಹಿರಿಯ ಮಿಸ್ತ್ರಿ ಅಪ್ಪಗ ಒಂದು ಮಾತು ಹೇಳಿ ಕಳಿಸಿದ್ರು, ‘ಯಜಮಾನ್ರ, ಘೋಡಾ ಆಡಿಸೋದು ನಿಲ್ಲಿಸ್ರಿ, ಇಲ್ಲಾ ಒಳಗ ಏನಾರ ಮೆತ್ತಂದು ಇಟ್ಟು ಆಡಿಸ್ರಿ’ ಅಂತ. ನಿಲ್ಲಿಸೋದು ಆಗದ ಮಾತು, ಯಾಕಂದ್ರ ಸ್ಪ್ರಿಂಗ್ ಕಟ್ಟಿದ ಸ್ಥಿತಿಯಾಗ ಘೋಡಾ ಇಡಬಾರದು, ಕೈಯಿಂದ ಇಳಸಾಕ ಹೋದ್ರ ಅಪ್ಪನ ವಯಸ್ಸಿನವ್ರಿಗೆ ಬೆರಳು ಜಾರತೈತಿ, ಮತ್ತ ಪೂಜಿ ದಿವಸ ಕೈಗೆ ತಗೊಂಡವ್ರು ಒಮ್ಮೆರ ಎಳದ ಎಳೀತಾರ. ಹಂಗಾಗಿ ಮೆತ್ತಂದು ಇಡೋದ ದಾರಿ. ಅದಕ್ಕ ಸ್ನ್ಯಾಪ್ ಕ್ಯಾಪ್ ಅಂತಾರ, ಕಾಡತೂಸಿನ ಆಕಾರ, ಒಳಗ ಮದ್ದಿಲ್ಲ ಗುಂಡಿಲ್ಲ, ಪೆಟ್ಟಿಗೆ ಕಿಡಿ ಹಾರಿಸೋ ಕ್ಯಾಪ್ ಇರೋ ಜಾಗದಾಗ ಸ್ಪ್ರಿಂಗ್ ಮ್ಯಾಲ ಕುಂತ ಪ್ಲಾಸ್ಟಿಕ್ ಗುಬಟಿ ಇರತೈತಿ, ಸ್ಟ್ರೈಕರ್ ಬಂದು ಅದಕ್ಕ ಹೊಡದ್ರ ಅದು ಹಿಂದ ಸರದು ಪೆಟ್ಟು ತಿಂತೈತಿ. 12 ಬೋರಿಗೆ ಅಂಗಡ್ಯಾಗ ಸಿಗ್ತಾವು. 500 ಎಕ್ಸ್‌ಪ್ರೆಸ್ಸಿಗೆ ಅಂದ್ರ ನಮ್ಮ ರೈಫಲ್ಲಿನ ಸುಮಾರು ಅರ್ಧ ಇಂಚಿನ ಬೋರಿಗೆ ಎಲ್ಲಿ ಸಿಗಬೇಕು.

ಗೆಳ್ಯಾರು ಕೇಳಿದ್ರು, ಡಮ್ಮಿ ಯಾಕ, ಅಜ್ಜನ ಹಳೇ ಖಾಲಿ ಕಾಡತೂಸು ಅದಾವಲ್ಲ, ಅವನ್ನ ತುಂಬಿಸಿ ಖರೇ ಈಡು ಮಾಡಲ್ಲ್ಯಾಕ ಅಂತ. ಇಂಗ್ಲೆಂಡ್ ಅಮೆರಿಕಾದಾಗ ಇಂಥಾ ಬಿಟ್ಟುಹೋದ ಬೋರಿನ ರೈಫಲ್ ಇದ್ದಾವ್ರು ಹಂಗ ಮಾಡ್ತಾರ, ನಮ್ಮಲ್ಲೆ ಮದ್ದುಗುಂಡು ತಯಾರಿಸಾಕ ಲೈಸನ್ಸ್ ಬೇಕು, ಅದು ನಮಗಿಲ್ಲ, ಅಲ್ಲಿಗೆ ಆ ಮಾತು ಮುಗೀತು. ಆದ್ರ ಆ ಖಾಲಿ ಕಾಡತೂಸುಗಳ ಬಗ್ಗೆ ಹೇಳಲೇಬೇಕು, ಈ ಕೆಲಸದಾಗ ನನಗ ಭಾಳ ಕಲಿಸಿದ್ದು ಅವ.

ತಗಡಿನ ಡಬ್ಬಿಯೊಳಗ ಏಳು ಇದ್ದು. ಐದು ಹಾರಿಸಿದ್ದು, ಎರಡು ಹಾರಿಸದ್ದು. ಹಾರಿಸದ ಎರಡನ್ನ ಅಲುಗಾಡಿಸಲಿಲ್ಲ ಬಿಚ್ಚಲಿಲ್ಲ, ಸ್ಟೇಷನ್ನಿಗೆ ತಿಳಿಸಿ ಬರದುಕೊಟ್ಟು ಒಪ್ಪಿಸಿ ಬಂದ್ವಿ, ನಿಮ್ಮ ಮನ್ಯಾಗೂ ಅಂಥಾವು ಸಿಕ್ರ ಅಷ್ಟ ಮಾಡ್ರಿ. ಉಳದ ಐದರ ಬುಡಕ ಕೈನಾಕ್ .500 ಅಂತ ಅಚ್ಚು ಐತಿ, ಬರ್ಮಿಂಗ್‌ಹ್ಯಾಮಿನ ಕಂಪನಿ, 1970ರ ಹೊತ್ತಿಗೆ ಇಂಥಾ ದೊಡ್ಡ ಬೋರಿನ ರೈಫಲ್ ಕಾಡತೂಸು ಮಾಡೋದ ಬಿಟ್ರು. ಬ್ಯಾಟರಿ ಬೆಳಕು ಬಿಟ್ಟು ಒಳಗ ನೋಡಿದ್ರ ಬುಡದಾಗ ಎರಡು ಸಣ್ಣ ತೂತು ಕಾಣ್ತಾವು, ಅದು ಬರ್ಡನ್ ಪದ್ಧತಿ, ಕ್ಯಾಪ್ ಬಡಿಯೋ ಅಡಗಲ್ಲು ಕೇಸಿನಾಗ, ಅಂದ್ರ ಕಾಡತೂಸಿನ ಹಿತ್ತಾಳಿ ಕವಚದಾಗ ಇರತೈತಿ. ಒಂದ ತೂತು ನಡುವ ಇದ್ರ ಅದು ಬಾಕ್ಸರ್ ಪದ್ಧತಿ. ಬರ್ಡನ್ ಅಮೆರಿಕಾದಾವ, ಬಾಕ್ಸರ್ ಇಂಗ್ಲೀಷಿನಾವ, ಆದ್ರ ಇವತ್ತು ಅಮೆರಿಕಾದಾಗ ಬಾಕ್ಸರ್ ನಡೀತೈತಿ, ಯುರೋಪಿನಾಗ ಬರ್ಡನ್ ಭಾಳ ವರ್ಷ ನಡೀತು.

ಐದರಾಗ ನಾಲ್ಕರ ಬಾಯಿ ಸೀಳಿದ್ದು. ಹಾರಿಸಿದಾಗ ಸೀಳಿದ್ದಲ್ಲ, ಅಂಚು ಚೂಪಗ ಐತಿ, ಒಳಗಿನ ಮಸಿ ಸೀಳಿನ ತನಕ ಬಂದು ನಿಂತೈತಿ, ಸೀಳಿನ ಬಾಜೂಕ ಮಸಿ ಇಲ್ಲ, ಅಂದ್ರ ಸೀಳು ಆಮ್ಯಾಲ ಬಂದೈತಿ. ಉಗುರಿಲೆ ಒತ್ತಿದ್ರ ಹಪ್ಪಳದಂಗ ಚುಕ್ಕ ಮುರೀತು. ನನಗ ಮೊದಲು ಜಂಗು ಅನಿಸ್ತು, ಹಿತ್ತಾಳಿಗೆ ಎಲ್ಲಿ ಜಂಗು. ಆಮ್ಯಾಲ ಅವ್ವನ್ನ ಕೇಳಿದೆ, ಈ ಡಬ್ಬಿ ಎಲ್ಲಿರ್ತಿತ್ತು ಅಂತ. ‘ದನದ ಮನಿ ಮಾಡದಾಗಪಾ, ಹುಡುಗ್ರ ಕೈಗೆ ಸಿಗಬಾರದಂತ ನಿಮ್ಮಜ್ಜ ಗ್ವಾದ್ಲಿ ಮ್ಯಾಲ ಇಡ್ತಿದ್ದ’ ಅಂದ್ಲು. ಅಲ್ಲಿಗೆ ಗೊತ್ತಾತು. ಬ್ರಿಟಿಷರ ಕಾಲದಾಗ ನಮ್ಮ ದೇಶದ ಲಾಯದಾಗ ಮಳಿಗಾಲಕ್ಕ ಇಟ್ಟ ಕಾಡತೂಸು ಹಿಂಗ ತಾವ ಸೀಳ್ತಿದ್ದು, ಮಳಿಗಾಲದಾಗ ಆಗತೈತಿ ಅಂತ ಅದಕ್ಕ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರಿಟ್ರು. ಕಾರಣ ತಿಳದದ್ದು 1921ರಾಗ. ಕುದುರಿ ಗಂಜಳದಿಂದ ಏಳೋ ಅಮೋನಿಯಾ, ಹವಾದಾಗಿನ ಹಸಿ, ಕೇಸನ್ನ ಎಳದು ಬಡದು ಆಕಾರಕ್ಕ ತರೋವಾಗ ಲೋಹದೊಳಗ ಉಳದ ಬಿಗಿತ, ಈ ಮೂರೂ ಕೂಡಿದ್ರ 70 ಪಾಲು ತಾಮ್ರ 30 ಪಾಲು ಸತುವಿನ ಆ ಹಿತ್ತಾಳಿ ಒಳಗಿಂದೊಳಗ ಹರೀತೈತಿ. ಬಾಯಿ ಕಡೆ ಹದಾ ಕಾಸಿ ಬಿಗಿತ ತಗದ್ರ ತಡೀತೈತಿ. ನಮ್ಮನಿ ಎತ್ತು ಎಮ್ಮಿ ಗಂಜಳ ಅದನ್ನ ಮಾಡಿತ್ತು, ನಾಕೈದು ದಶಕ ಕುಂತು. ಹಿತ್ತಾಳಿ ಸಾಮಾನು ಯಾವುದೇ ಇರಲಿ, ದನದ ಮನ್ಯಾಗ ಇಡಬ್ಯಾಡ್ರಿ.

ಸರಿ, ಸ್ನ್ಯಾಪ್ ಕ್ಯಾಪ್ ಮಾಡಾಕ ಅಳತಿ ಬೇಕು. ಹಳೇ ಕೇಸ್ ಅಳದು ಮಾಡಬಹುದಿತ್ತು, ಆದ್ರ ಹಾರಿಸಿದ ಕೇಸ್ ಹಿಗ್ಗಿರತೈತಿ, ಸೀಳಿದ ಬಾಯಿ ಅಗಲಾಗಿರತೈತಿ, ಮತ್ತ ಅವು ಇದ ರೈಫಲ್ಲಿಂದ ಬಂದಾವು ಅನ್ನೋಕ ಏನು ಸಾಕ್ಷಿ. 500 ಎಕ್ಸ್‌ಪ್ರೆಸ್ ಅಂದ್ರ ಒಂದ ಉದ್ದ ಅಲ್ಲ, 3 ಇಂಚಿಂದು ಐತಿ, ಮೂರೂಕಾಲು ಇಂಚಿಂದು ಐತಿ, ಅದಲ್ಲದ 577/500 ಅಂತ ಕುತ್ತಿಗಿ ಸಣ್ಣ ಮಾಡಿದ್ದು ಬ್ಯಾರೆ ಐತಿ. ಎಕ್ಸ್‌ಪ್ರೆಸ್ ಅನ್ನೋ ಹೆಸರ ರೈಲಿಂದ ಬಂದದ್ದು, ಪರ್ಡಿ ಅನ್ನಾವ 1856ರಾಗ ತನ್ನ ಜೋರಿನ ರೈಫಲ್ಲಿಗೆ ಎಕ್ಸ್‌ಪ್ರೆಸ್ ಟ್ರೇನ್ ಅಂತ ಹೆಸರಿಟ್ಟ. ಆಮ್ಯಾಲ ಒಬ್ಬೊಬ್ಬ ಮಿಸ್ತ್ರಿ ಒಂದೊಂದು ಬೋರು ತಂದ. ನಮ್ಮ ದೇಶದ ಕಾನೂನು ಸೈತ ಅದಕ್ಕ ಕಾರಣ ಆತು, 1907ರ ಸುಮಾರಿಗೆ .450 ಬೋರ್ ಇಲ್ಲಿಗೆ ತರೋದನ್ನ ಬಂದ್ ಮಾಡಿದ್ರು, ದಂಗೆಕೋರರ ಕೈಯಾಗಿನ ಹಳೇ ಮಾರ್ಟಿನಿ ಬಂದೂಕಿಗೆ ಆ ಗುಂಡು ಸಿಗಬಾರದಂತ, ಆಗ ಕಂಪನ್ಯಾವ್ರು .465, .470, .475 ಅಂತ ತುಸು ತುಸು ಬ್ಯಾರೆ ಅಳತಿ ತಂದ್ರು. ಹಂಗಾಗಿ ಹಳೇ ರೈಫಲ್ ಸಿಕ್ರ ಯಾರ ಬಾಯಿಮಾತೂ ನಂಬಬಾರದು, ಚೇಂಬರ್, ಅಂದ್ರ ನಳ್ಯಾಗ ಕಾಡತೂಸು ಕುಂದರೋ ಜಾಗ, ಅಳೀಬೇಕು.

ರೈಫಲ್ಲನ್ನ ಲೇಥ್ ಅಂಗಡಿಗೆ ಒಯ್ಯಂಗಿಲ್ಲ. ಅದಕ್ಕ ಚೇಂಬರಿನ ಅಚ್ಚು ತಗದು, ಅಚ್ಚನ್ನ ಹುಬ್ಬಳ್ಳಿಗೆ ಒಯ್ಯೋದು ಅಂತ ಮಾಡಿದೆ. ಇದಕ್ಕಂತ ಸೆರೋಸೇಫ್ ಅನ್ನೋ ಮಿಶ್ರಲೋಹ ಬರತೈತಿ, ನೀರು ಕುದಿಯೋಕಿಂತ ಮೊದಲ ಕರಗತೈತಿ, ನನಗ ಅದು ಸಿಗಲಿಲ್ಲ. ಹಳೇ ಮಿಸ್ತ್ರಿಗಳು ಗಂಧಕದಾಗ ಅಚ್ಚು ತಗೀತಿದ್ರು. ದುರ್ಗದ ಬೈಲ್ ಕಡೆ ಗ್ರಂಧಿಗಿ ಅಂಗಡ್ಯಾಗ ಗಡ್ಡಿ ಗಂಧಕ ಕಾಲ್ ಕಿಲೋ ತಗೊಂಡು ಶನಿವಾರ ಊರಿಗೆ ಹೋದೆ. ಬೆಳಿಗೆ ಹೊಡಿಯೋ ಪುಡಿ ಗಂಧಕ ಬ್ಯಾಡ, ಅದರಾಗ ಬ್ಯಾರೆ ಏನೇನೊ ಕೂಡಿರತೈತಿ.

ಅಪ್ಪ ಮುಂದಿನ ಕಟ್ಟಿಗಿ ಬಿಚ್ಚಿ ನಳಿ ಜೋಡಿ ಬ್ಯಾರೆ ಮಾಡಿ ಕೊಟ್ಟ. ಕೆಳಗಿನ ಚಪ್ಪಟಿ ಮೈಮ್ಯಾಲ ಅರಿವಿ ಒರಿಸಿ ನೋಡಿದ್ರ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಅಂದ್ರ ನಳಿ ಪರೀಕ್ಷೆ ಮಾಡೋ ಮನಿ, ಗುರುತು, ಕಿರೀಟದ ಕೆಳಗ ಅಡ್ಡಕ ಇಟ್ಟ ಎರಡು ರಾಜದಂಡ, ನಡುವ ಬಿ, ಪಿ, ಸಿ ಅಕ್ಷರ. ಇದು 1904ಕ್ಕಿಂತ ಹಿಂದಿನ ಗುರುತು. ನೈಟ್ರೋ ಪ್ರೂಫ್ ಅಂತ ಎಲ್ಲೂ ಇಲ್ಲ, ಅಂದ್ರ ಕರಿ ಮದ್ದಿಗಷ್ಟ ಪರೀಕ್ಷೆ ಆದ ನಳಿ. ಈ ಮಾತು ಮುಖ್ಯ ಐತಿ, ಯಾಕಂದ್ರ ಇದ 3 ಇಂಚಿನ ಕೇಸಿನಾಗ ಮುಂದ ಕಾರ್ಡೈಟ್ ಅನ್ನೋ ಹೊಗಿ ಇಲ್ಲದ ಹೊಸಾ ಮದ್ದು ತುಂಬಿ 500 ನೈಟ್ರೋ ಎಕ್ಸ್‌ಪ್ರೆಸ್ ಅಂತ ಮಾರಿದ್ರು, ನೋಡಾಕ ಒಂದ ಥರ, ಚೇಂಬರಿನಾಗ ಬರೋಬ್ಬರಿ ಕುಂದರತೈತಿ, ಒಳಗಿನ ಒತ್ತಡ ಮಾತ್ರ ಭಾಳ ಹೆಚ್ಚು. ಕರಿ ಮದ್ದಿನ ನಳ್ಯಾಗ ಅದನ್ನ ಹಾಕಿದ್ರ ನಳಿ ಸೀಳತೈತಿ, ಹಿಡದ ಕೈ ಹೋಗತೈತಿ. ಕುಂತಿತು ಅಂದ ಮಾತ್ರಕ್ಕ ಅದು ಅದರದ ಕಾಡತೂಸು ಅಲ್ಲ.

ಚೇಂಬರನ್ನ ಕುದಿಯೋ ನೀರಿಲೆ ತೊಳದು, ಒಣಗಿಸಿ, ಎಣ್ಣಿ ಅರಿವಿ ಆಡಿಸಿದೆ. ಮೂರನೇ ಅರಿವಿತನಕ ಕರೀದು ಬಂತು. ಕರಿ ಮದ್ದಿನ ಬೂದಿ ಉಪ್ಪಿನಂಗ ಹಸಿ ಎಳ್ಕೋತೈತಿ, ಬರೇ ಎಣ್ಣಿ ಹಚ್ಚಿದ್ರ ಬೂದಿ ಎಣ್ಣಿ ಕೆಳಗ ಕುಂತು ನಳಿ ತಿಂತೈತಿ, ಬಿಸಿನೀರಿಗೇ ಅದು ಕರಗೋದು. ಆಮ್ಯಾಲ ಚೇಂಬರಿನ ಮುಂದ ನಳ್ಯಾಗ ಅರಿವಿ ಬೆಣಿ ಬಿಗಿ ಮಾಡಿ, ಬಾಯಿ ಕೆಳಗ ಮಾಡಿ ನಳಿ ನಿಲ್ಲಿಸಿದೆ.

ಮೊದಲನೇ ಅಚ್ಚು ಕೆಟ್ಟಿತು. ಗಂಧಕ 115 ಡಿಗ್ರಿ ಹತ್ರ ಕರಗತೈತಿ, ಆಗ ಕುಸುಬಿ ಎಣ್ಣಿಯಂಗ ತಿಳಿ ಹಳದಿ, ಹರದಾಡತೈತಿ. ನಾ ಅದನ್ನ ಸೀದಾ ಒಲಿ ಮ್ಯಾಲ ಇಟ್ಟಿದ್ದೆ, ಜಲ್ದಿ ಆಗಲಿ ಅಂತ ಉರಿ ಹೆಚ್ಚು ಮಾಡಿದೆ. 160 ಡಿಗ್ರಿ ದಾಟಿದ ಕೂಡಲೇ ನೋಡ್ತಾ ನೋಡ್ತಾ ಕೆಂಪಗಾತು, ಕಾಕಂಬಿಯಂಗ ದಪ್ಪಾತು, ಸುರುವಿದ್ರ ಪಾತ್ರಿ ಬಿಟ್ಟು ಬರವಲ್ಲದು. ಹೆಚ್ಚಿನ ದ್ರವ ಕಾದಂಗ ತಿಳಿ ಆಗ್ತಾವು, ಗಂಧಕ ಹೊಳ್ಳಿ ದಪ್ಪಾಗತೈತಿ, ಒಳಗ ಅದರ ಕಣ ಒಂದಕ್ಕೊಂದು ಸರಪಳಿಯಂಗ ಜೋಡಿಸ್ಕೋತಾವು ಅಂತ. ಸುರುವಿದ್ದರ ತುಂಬ ಗುಳ್ಳಿ, ಅಚ್ಚು ಹೊರಗ ಬಂದಾಗ ಒಂದು ಬಾಜು ಇಲಿ ತಿಂದ ರೊಟ್ಟಿಯಂಗ ಇತ್ತು.

ಎರಡನೇ ಸಲಕ್ಕ ಹಳೇ ತಗಡಿನ ಬುಟ್ಟಿಯೊಳಗ ಉಸುಕು ಕಾಸಿ ಅದರಾಗ ಗಂಧಕದ ಡಬ್ಬಿ ಇಟ್ಟೆ, ಥರ್ಮಾಮೀಟರ್ 125ಕ್ಕ ಬಂದ ಕೂಡಲೇ ಇಳಿಸಿದೆ. ಚಿಟಿಕಿ ದೀಪದ ಮಸಿ ಕೂಡಿಸಿದೆ, ಅಚ್ಚಿನ ಗೆರಿ ಕಣ್ಣಿಗೆ ಚೊಲೋ ಕಾಣಲಿ ಅಂತ. ಹಿತ್ತಲದಾಗ ಗಾಳಿ ಬೆನ್ನಿಗೆ ಮಾಡಿ ಕುಂತೆ, ಪಕ್ಕದಾಗ ತಾಟು ಇಟ್ಕೊಂಡಿದ್ದೆ, ಉರಿ ಹತ್ತಿದ್ರ ಮುಚ್ಚಾಕ, ಗಂಧಕದ ಹೊಗಿ ಎದಿಗೆ ಹೋದ್ರ ದಿನಗಟ್ಟಲೆ ಕೆಮ್ಮು ಬಿಡೂದಿಲ್ಲ. ಕಾಗದದ ಲಾಳಿಕಿ ಇಟ್ಟು ಹಗೂರಕ ಒಂದ ಧಾರ್ಯಾಗ ಸುರುವಿದೆ. ಕಾಲ್ ತಾಸಿಗೆ ಗಟ್ಟಿ ಆತು, ನಳಿ ಬಾಯಿ ಕಡಿಂದ ಕಟ್ಟಿಗಿ ಕೋಲು ಹಾಕಿ ಮೆತ್ತಗ ಬಡದ್ರ ಪಟ್ ಅಂತ ಬಿಟ್ಟು ಬಂತು. ಬೂದು ಹಳದಿ ಕೋಲು, ಅದರ ತುದಿಗೆ ರೈಫ್ಲಿಂಗಿನ, ಅಂದ್ರ ಗುಂಡು ತಿರುಗಿಸಾಕ ನಳಿಯೊಳಗ ಕೊರದ ಗೆರಿಯ, ಏಣು ಸುತ್ತಿಕೊಂಡು ಹೋದದ್ದು ಒಂದೊಂದೂ ಎಣಿಸೋಹಂಗ. ಅಪ್ಪ ಅದನ್ನ ಅಂಗೈ ಮ್ಯಾಲ ಇಟ್ಕೊಂಡು ಭಾಳ ಹೊತ್ತು ನೋಡಿದ. ನಲವತ್ತು ವರ್ಷ ಒರಿಸಿ ಎಣ್ಣಿ ಹಚ್ಚಿದ ಜಾಗದ ಒಳಗಡಿ ಆಕಾರ ಅವನೂ ಅದ ಮೊದಲು ನೋಡಿದ್ದು. ಚೇಂಬರನ್ನ ಮಾತ್ರ ಆ ಕೂಡಲೇ ತೊಳದು ಎಣ್ಣಿ ಹಚ್ಚಿದ್ವಿ, ಗಂಧಕ ಉಕ್ಕಿನ ಮ್ಯಾಲ ಉಳೀಬಾರದು.

ಅಳತಿ ಹಿಂಗ ಬಂತು, ಬುಡದ ಅಂಚು 16.95 ಮಿ.ಮೀ., ಅಂಚಿನ ಮುಂದ 14.85, ಕೇಸಿನ ಬಾಯಿ ಬರೋ ಜಾಗದಾಗ 13.75, ಉದ್ದ 76.5. 3 ಇಂಚು ಅಂದ್ರ 76.2. ಕುತ್ತಿಗಿ ಇಲ್ಲ, ಬುಡದಿಂದ ಬಾಯಿಗೆ ಸೀದಾ ಇಳಕಲು. ಅಂದ್ರ 500 ಎಕ್ಸ್‌ಪ್ರೆಸ್, 3 ಇಂಚಿಂದು, ಅಜ್ಜ ಹೇಳ್ತಿದ್ದದ್ದು ಖರೇ.

ಅಚ್ಚನ್ನ ಹತ್ತಿಯೊಳಗ ಸುತ್ತಿ ಊಟದ ಡಬ್ಬ್ಯಾಗ ಇಟ್ಕೊಂಡು ಹುಬ್ಬಳ್ಳಿ ಬಸ್ಸಿನಾಗ ತೊಡಿ ಮ್ಯಾಲ ಹಿಡ್ಕೊಂಡ ಬಂದೆ. ಗಂಧಕದ ಅಚ್ಚು ಸುಣ್ಣದ ಕಡ್ಡಿಯಂಗ, ಬಿದ್ರ ಹೋತು. ಗೋಕುಲ ರೋಡಿನ ಕೈಗಾರಿಕಾ ವಸಾಹತಿನಾಗ ನಾ ಕೆಲಸ ಕಲಿತ ಲೇಥ್ ಅಂಗಡಿ ಐತಿ, ಅಲ್ಲಿ ಕಾಕಾಗ ಎಲ್ಲಾ ಹೇಳಿ, ಕಾಗದ ತೋರಿಸಿ, ಇದರಾಗ ಮದ್ದು ತುಂಬಾಕ ಬರೋಹಂಗಿಲ್ಲ ಅಂತ ಚಿತ್ರಾ ತಗದು ಇಟ್ಟೆ. ಕಾಕಾ ಅಚ್ಚು ನೋಡಿ, ‘ತಮ್ಮಾ, ಇದನ್ನ ಯಾಂವ ಕೊರದಾನೋ ಅವನ ಕೈಗೆ ಶರಣು’ ಅಂದ್ರು, ಐತವಾರ ಅಂಗಡಿ ಖಾಲಿ ಇರ್ತೈತಿ ಬಾ ಅಂತ ಹೇಳಿದ್ರು.

ಸರಕು 18 ಮಿ.ಮೀ. ಹಿತ್ತಾಳಿ ರಾಡ್, ಲೇಥಿನಾಗ ಕಡಿಯೋ ಜಾತಿದು, ಅದರಾಗ ಸೀಸ ಕೂಡಿರತೈತಿ, ಹಂಗಾಗಿ ಚಿಪ್ಸ್ ಸುರುಳಿ ಆಗದ ರವಾದಂಗ ಉದುರತೈತಿ. ಕಾಡತೂಸಿನ ಹಿತ್ತಾಳಿ ಬ್ಯಾರೆ, ಅದು ಎಳದ್ರ ಬಗ್ಗೋ ಜಾತಿ, ಇದು ಬಗ್ಗಿಸಿದ್ರ ಮುರಿಯೋ ಜಾತಿ, ಡಮ್ಮಿಗೆ ಇದ ಚೊಲೋ.

ಇಳಕಲು ಹೊಡಿಯೋದು ಜರಾ ನಾಜೂಕು. ಚೇಂಬರಿಗಿಂತ 0.1 ಕಡಿಮಿ ಇಟ್ರ ಬುಡಕ 14.75, ಬಾಯಿಗೆ 13.65, ನಡುವ ಉದ್ದ 74. ವ್ಯಾಸದಾಗ 1.1 ಫರಕು, ಒಂದು ಬಾಜೂಕ 0.55, ಡಿಗ್ರಿ ಲೆಕ್ಕದಾಗ ಅರ್ಧಕ್ಕೂ ಕಡಿಮಿ. ಕಂಪೌಂಡ್ ಸ್ಲೈಡಿನ, ಅಂದ್ರ ಲೇಥಿನಾಗ ಟೂಲನ್ನ ಓರೆ ಸರಿಸೋ ಭಾಗದ, ಮ್ಯಾಲಿನ ಗೆರಿ ನೋಡಿ ಅದನ್ನ ಹಚ್ಚಾಕ ಬರೂದಿಲ್ಲ, ಗೆರಿ ದಪ್ಪನ ಅಷ್ಟಿರತೈತಿ. ಚಕ್ಕಿನಾಗ ಸೀದಾ ಉರುಟು ರಾಡ್ ಹಿಡದು, ಟೂಲ್ ಪೋಸ್ಟಿಗೆ ಡಯಲ್ ಗೇಜ್ ಕಟ್ಟಿ, ಸ್ಲೈಡ್ 50 ಮಿ.ಮೀ. ಸರಿಸಿದ್ರ ಮುಳ್ಳು 0.37 ಸರೀಬೇಕು, ಅಲ್ಲಿತನಕ ಸ್ಲೈಡನ್ನ ಬಡದು ಬಡದು ಕೂಡಿಸೋದು. ಅರ್ಧ ತಾಸು ಹಿಡೀತು. ಕಾಕಾ ಬೆರಳಿನ ಗೆಣ್ಣಿಲೆ ಬಡೀತಾರ, ನಾ ಪಾನಾ ಹಿಡಿಕಿಲೆ ಬಡೀತೇನಿ, ಅವರದ ಒಂದ ಸಲಕ್ಕ ಕುಂದರತೈತಿ.

ತೂತು ಹೊಡಿಯೋವಾಗ ಘಾತ ಆಗೋದಿತ್ತು. ಬಾಯಿ ಕಡಿಂದ 8.5 ಮಿ.ಮೀ. ತೂತು, ಬುಡ 4 ಮಿ.ಮೀ. ಇರೋತನಕ. 66 ಮಿ.ಮೀ. ಹೊಂಟಿದ್ದ ಬಿಟ್ ಒಮ್ಮಿಂದೊಮ್ಮೆ ಕಚ್ಚಿತು, ಟೇಲ್‌ಸ್ಟಾಕಿನ ಹ್ಯಾಂಡಲ್ ನನ್ನ ಕೈ ಕಸ್ಕೊಂಡು ತಾನ ತಿರಗ್ತು, ಜಾಬ್ ಚಕ್ಕಿನಾಗ ಕಿರ್ ಅಂತ ಜಾರಿ ಮೈತುಂಬ ಗೀರು ಬಿತ್ತು. ಕಾಕಾ ಓಡಿ ಬಂದು ಮಷೀನ್ ಬಂದ್ ಮಾಡಿ ಕೇಳಿದ್ರು, ‘ಕಬ್ಬಣದ ಬಿಟ್ ಹಿತ್ತಾಳಿಗೆ ಹಾಕ್ತೀಯೇನ?’ ಅಂತ. ಬಿಟ್ ತಗದು, ಕಡಿಯೋ ಅಂಚಿನ ಮುಂಭಾಗಕ್ಕ ಸಾಣಿಕಲ್ಲು ಹಿಡದು ಎರಡೂ ಬಾಜು ದಾರದಷ್ಟು ಅಗಲ ಚಪ್ಪಟಿ ಮಾಡಿಕೊಟ್ರು. ಹೊಸಾ ಬಿಟ್ಟಿನ ಅಂಚು ಗುದ್ದಲಿಯಂಗ ಒಳಗ ಬಾಗಿರತೈತಿ, ಹಿತ್ತಾಳಿ ಮೆತ್ತಗ, ಅಂಚು ತಾನ ನೆಲಾ ಅಗಕೊಂಡು ಒಳಗ ನುಗ್ಗತೈತಿ. ಚಪ್ಪಟಿ ಮಾಡಿದ್ರ ಅಗಿಯೋದು ಬಿಟ್ಟು ಕೆರೀತೈತಿ. ಅದಾದ ಮ್ಯಾಲ ನಾಲ್ಕು ತೂತು ಬೆಣ್ಣ್ಯಾಗ ಹೊಡದಂಗ ಹೋದು. ಕೆಟ್ಟ ತುಣುಕನ್ನ ನಾ ಒಗದಿಲ್ಲ, ಮೇಜಿನ ಮ್ಯಾಲ ಇಟ್ಕೊಂಡೇನಿ.

ಬುಡದ ಕಡಿಂದ 6 ಮಿ.ಮೀ. ತೂತು, ಅದರಾಗ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಗುಬಟಿ, ಮೊಳಿ ತಲಿಯಂಗ ಹಿಂದ 8.3ರ ಅಂಚು ಬಿಟ್ಟದ್ದು, ಹೊರಗ ಬೀಳಬಾರದಲ್ಲ. ಅದರ ಹಿಂದ ಬಿಗಿ ಸ್ಪ್ರಿಂಗ್, ಬಾಯಿ ಕಡಿಂದ 10 ಮಿ.ಮೀ. ಗ್ರಬ್ ಸ್ಕ್ರೂ, ಅಂದ್ರ ತಲಿ ಇಲ್ಲದ ಸ್ಕ್ರೂ. ಮೊದಲು ಡೆಲ್ರಿನ್ ಬದಲಿ ರಬ್ಬರ್ ಹಾಕಿ ನೋಡಿದ್ದೆ, ಎಣ್ಣಿ ಹತ್ತಿ ಉಬ್ಬಿ ತೂತಿನಾಗ ಸಿಕ್ಕೊಂತು, ನೈಲಾನ್ ಸೈತ ಮಳಿಗಾಲದಾಗ ಹಸಿ ಕುಡದು ಉಬ್ಬತೈತಿ. ಡೆಲ್ರಿನ್‌ಗೆ ಆ ಕಾಟ ಇಲ್ಲ. ಕಡೀಗೆ ಪ್ರತಿಯೊಂದರ ಹೊಟ್ಟಿಗೆ ಅಡ್ಡಕ 4 ಮಿ.ಮೀ. ತೂತು ಆರಪಾರ ಹೊಡದೆ. ಇದನ್ನ ಬಿಡಬಾರದು. ಕತ್ತಲ್ಯಾಗ ಕೈಯಾಡಿಸಿದ್ರೂ ಇದು ಡಮ್ಮಿ ಅಂತ ಬೆರಳಿಗೆ ಗೊತ್ತಾಗಬೇಕು, ನಾಳೆ ಯಾರ ಕೈಗೆ ಸಿಕ್ರೂ ಖರೇ ಕಾಡತೂಸು ಅಂತ ಅಂಜಬಾರದು, ಖರೇದನ್ನ ಡಮ್ಮಿ ಅಂತ ತಿಳಿಯೂಬಾರದು.

ಮುಂದಿನ ಶನಿವಾರ ಊರಿಗೆ ಒಯ್ದು ಹಾಕಿದ್ರ ಚೇಂಬರಿನಾಗ ಜಾರಿ ಕುಂತು, ನಳಿ ಮುಚ್ಚವಲ್ಲವು. ಲಿವರ್ ಕಡೀ ಬೆರಳಗಲಕ್ಕ ಬಂದು ನಿಲ್ಲತೈತಿ. ಒತ್ತಾಕ ಹೋಗಲಿಲ್ಲ, ಒತ್ತಿದ್ರ ಜೋನ್ಸನ ಲಿವರಿಗೆ ಎಂಥಾ ಜೋರು ಐತಿ ಅಂದ್ರ ಮುಚ್ಚೇ ಮುಚ್ಚತೈತಿ, ಆದ್ರ ಅಷ್ಟು ವರ್ಷ ಬಿಗಿ ಇದ್ದ ಕೀಲು ಸಡಿಲ ಆಗತೈತಿ. ದೇವರ ದೀಪದ ಕುಡಿ ಮ್ಯಾಲ ಕ್ಯಾಪಿನ ಬುಡ ಹಿಡದು ಮಸಿ ಕೂಡಿಸಿ, ಹಗೂರಕ ಹಾಕಿ, ಲಿವರ್ ತಾಗೋತನಕ ತಂದು, ಬಿಚ್ಚಿ ನೋಡಿದೆ. ಬುಡದ ಕೆಳಗಿನ ಅರ್ಧದಾಗ ಚಂದ್ರನ ಕೊರಿಯಂಗ ಮಸಿ ಅಳಿಸಿ ಹಿತ್ತಾಳಿ ಮಿಂಚಾಕತ್ತಿತ್ತು. ಅಂಚು ದಪ್ಪ ಆಗೈತಿ. ಅಚ್ಚು ನೋಡಿದಾಗ ಕಾರಣ ತಿಳೀತು, ಸುರುವೋವಾಗ ಗಂಧಕ ಅಂಚಿನ ಮ್ಯಾಲ ತುಸು ಉಕ್ಕಿ ನಿಂತಿತ್ತು, ಆ ಉಬ್ಬನ್ನ ಕೂಡಿಸಿ ಅಳದಿದ್ದೆ. 1.35 ಮಾಡೇನಿ, ಜಾಗ ಇರೋದು 1.25.

ಹೊಳ್ಳಿ ಹುಬ್ಬಳ್ಳಿಗೆ ಒಯ್ದ್ರ ಮತ್ತೊಂದು ವಾರ. ಗುಬಟಿ ಸ್ಪ್ರಿಂಗ್ ಬಿಚ್ಚಿ, ಹಳೇ ಫೋಟೋದ ಕಾಜಿನ ಮ್ಯಾಲ 180 ನಂಬರ್ ಪಾಲಿಶ್ ಪೇಪರ್ ಹಾಸಿ, ಎರಡು ಹನಿ ಎಣ್ಣಿ ಬಿಟ್ಟು, ಬುಡ ಕೆಳಗ ಮಾಡಿ ಎಂಟರ ಆಕಾರದಾಗ ತಿಕ್ಕಿದೆ. ಹತ್ತು ಸಲ ತಿಕ್ಕಿ ಕಾಲ್ ಸುತ್ತು ತಿರುವಿ ಮತ್ತ ಹತ್ತು ಸಲ, ಇಲ್ಲಾಂದ್ರ ಒಂದು ಬಾಜು ತಗ್ಗಾಗತೈತಿ. ಒಂದೊಂದಕ್ಕ ತಾಸಿನ ಮ್ಯಾಲ ಹಿಡೀತು. ಅಪ್ಪ ಬಾಜೂಕ ಕುಂತು ಮೈಕ್ರೋಮೀಟರ್ ಹಿಡಿಯೋದು ಕಲತ, ನಾ ತಿಕ್ಕೋದು ಅವ ಅಳಿಯೋದು, 1.30, 1.26, 1.21, ರಾತ್ರಿ ಹತ್ತೂವರಿಗೆ ‘ಒಂದ ದಶಾಂಶ ಒಂದೂವರಿ ಬಂತಪಾ, ಬಿಡು ಇನ್ನ’ ಅಂದ. ಹಾಕಿದ್ವಿ. ಲಿವರ್ ಕಟ್ಟಿಗಿ ಡಬ್ಬಿ ಮುಚ್ಚಳ ಮುಚ್ಚಿದಂಗ ತಾನ ಹೋಗಿ ಕುಂತು.

ಬಲಗಡಿ ಘೋಡಾ ಅಪ್ಪ ಬಿಟ್ಟ, ಎಡಗಡಿ ನಾ ಬಿಟ್ಟೆ. ಮೊದಲಿನ ಆ ಟಪ್ ಅನ್ನೋ ಗಂಟಿ ಸಪ್ಪಳ ಇಲ್ಲ, ಕಂಬಳಿ ಮ್ಯಾಲ ಕಲ್ಲು ಬಿದ್ದಂಗ ಥಪ್ ಅಂತು. ಒಂದೊಂದಕ್ಕ 50 ಸಲ ಬಿಟ್ಟು ಬಿಚ್ಚಿ ನೋಡಿದ್ವಿ, ಗುಬಟಿ ಮ್ಯಾಲ ಸಾಸಿವಿ ಕಾಳಿನಷ್ಟು ತಗ್ಗು ಬಿದ್ದೈತಿ, ಸ್ಟ್ರೈಕರ್ ತುದಿ ಭೂತಗಾಜಿನಾಗ ನೋಡಿದ್ರ ಗುಂಡಗ ನುಣ್ಣಗ ಹಂಗ ಐತಿ. ಗುಬಟಿ ಸವದ್ರ ಹೊಸಾದು ಹಾಕಾಕ ನಾಲ್ಕು ಹೆಚ್ಚಿಗಿ ಮಾಡಿಟ್ಟೇನಿ.

ಈ ಸಲ ಖಂಡೇ ಪೂಜಿಗೆ ರೈಫಲ್ ಬಾಜೂಕ ಆ ಎರಡು ಕ್ಯಾಪನ್ನೂ ತಾಟಿನಾಗ ಇಟ್ಟಿದ್ವಿ. ಸೀಳಿದ ಹಳೇ ಐದು ಕೇಸನ್ನ ಅವ್ವ ಹೊಸಾ ಡಬ್ಬ್ಯಾಗ ಹಾಕಿ ದೇವರ ಮನಿ ಮಾಡದಾಗ ಇಟ್ಟಾಳ. ಬೀಗರು ಮತ್ತ ಬಂದಿದ್ರು, ಅಪ್ಪ ತಾನಾಗಿ ನಳಿ ಬಗ್ಗಿಸಿ ಕ್ಯಾಪ್ ಹಾಕಿ, ಅಡ್ಡ ತೂತು ತೋರಿಸಿ, ‘ಈಗ ಎಳೀರಿ’ ಅಂತ ಕೈಗೆ ಕೊಟ್ಟ.